ಜೆಮಿನಿ ವೃತ್ತದ ಬಾಗಿಲಲ್ಲಿ

ನಮ್ಮ ಕಾಸರಗೋಡಿನ ಕಡೆಯಿಂದ ಪರದೇಶಕ್ಕೆ ಹೋದವರು ಕಡಿಮೆಯೇನಲ್ಲ. ಕೊಲ್ಲಿಯ ನಾಡುಗಳಲ್ಲಿ ದುಡಿದು ಬಂದವರು ಕಟ್ಟಿಸಿದ ಮನೆಗಳು ಯಾವ ಹಾದಿಯಲ್ಲಿ ನಡೆದರೂ ಕಣ್ಣಿಗೆ ಬೀಳುತ್ತವೆ. ಆದರೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು, ದೂರದೇಶಗಳನ್ನೆಲ್ಲ ಗೋಡೆಯ ಭೂಪಟದಲ್ಲಿ ಕೋಲಿನ ತುದಿಯಿಂದ ತೋರಿಸಿಯೇ ಸಂತುಷ್ಟರಾಗಿದ್ದ ನಮಗೆ, ಆ ಭೂಪಟದ ಎಡದಂಚಿನ ದೇಶವೊಂದರ ಬಾಗಿಲನ್ನು ತಟ್ಟಬೇಕಾದ ಪ್ರಸಂಗ ಒದಗೀತೆಂಬ ಎಣಿಕೆಯಿರಲಿಲ್ಲ. ಅದು ಒದಗಿದ್ದು ಮಗಳ ದೆಸೆಯಿಂದ.

ಮಗಳು ಮದುವೆಯಾಗಿ ಅಮೆರಿಕದ ಪೂರ್ವ ಕರಾವಳಿಯ ಪಟ್ಟಣವೊಂದರಲ್ಲಿ ಸಂಸಾರ ಹೂಡಿದ್ದಾಳೆ. 2024ರ ಏಪ್ರಿಲಿನಲ್ಲಿ ಅವಳಿಗೆ ಚೊಚ್ಚಲ ಹೆರಿಗೆಯೆಂಬ ಸುದ್ದಿ ಬಂದಾಗ ಮನೆಯಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ. ಬಾಣಂತನಕ್ಕೆ ತಾಯಿ ಇರಲೇಬೇಕು. ಮಂಗಳೂರಿನ ಪೇಟೆಗೆ ಒಬ್ಬರೇ ಹೋಗಿ ಅಭ್ಯಾಸವಿಲ್ಲದ ನಮ್ಮ ಸಹಧರ್ಮಿಣಿಯನ್ನು ಸಮುದ್ರಗಳಾಚೆಗೆ ಒಬ್ಬರನ್ನೇ ಕಳುಹಿಸುವಂತಿಲ್ಲ. ಅದೃಷ್ಟವಶಾತ್ ಏಪ್ರಿಲ್, ಮೇ ತಿಂಗಳುಗಳು ಶಾಲೆಗೆ ರಜೆ. ಇಬ್ಬರೂ ಹೋಗುವುದು, ಶಾಲೆ ತೆರೆಯುವ ಮುನ್ನ ನಾವು ಹಿಂದಿರುಗುವುದು, ಅವರು ಇನ್ನೆರಡು ತಿಂಗಳು ನಿಂತು ಬರುವುದು ಎಂದು ಊಟದ ಎಲೆಯ ಮುಂದೆಯೇ ತೀರ್ಮಾನವಾಯಿತು. ನಮ್ಮ ಊಟದ ಎಲೆಯ ಮುಂದಾದ ತೀರ್ಮಾನಕ್ಕೆ ಅಮೆರಿಕ ಸರಕಾರದ ಅಂಗೀಕಾರವೂ ಬೇಕೆಂಬುದು ಆಮೇಲೆ ಅರಿವಿಗೆ ಬಂತು.

ಪಾಸ್‌ಪೋರ್ಟು ನಮ್ಮ ದೇಶ ಕೊಡುವಂಥದು. ನಮ್ಮ ಹಿರಿಯರು ಅದನ್ನು ರಹದಾರಿ ಎನ್ನುತ್ತಿದ್ದರು. ವೀಸಾ ಎಂಬುದು ಹೋಗಬೇಕಾದ ದೇಶ ಕೊಡುವ ಪ್ರವೇಶದ ಅನುಮತಿ. ಅಮೆರಿಕದ ರಾಯಭಾರ ಕಚೇರಿ ಇರುವುದು ದೆಹಲಿಯಲ್ಲಿ. ಕೇರಳದವರೆಂದು ಕಾಗದದಲ್ಲಿರುವ ನಮ್ಮಂಥವರು ಹೋಗಬೇಕಾದದ್ದು ಚೆನ್ನೈಯಲ್ಲಿರುವ ಅದರ ಅಂಗಕಚೇರಿಗೆ. ಅದನ್ನು ಕಾನ್ಸುಲೇಟ್ ಎನ್ನುತ್ತಾರೆ. ಮಂಗಳೂರು, ಬೆಂಗಳೂರಿನವರಿಗೂ ಆಗ ಅದೇ ಗತಿಯಾಗಿತ್ತು. ಬೆಂಗಳೂರಿನ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ. ನಾವು ಅರ್ಜಿ ಹಾಕಿದಾಗ ಶುಲ್ಕ ತಲೆಗೆ 185 ಡಾಲರಾಗಿತ್ತು. ಅನುಮತಿ ದೊರೆಯಲಿ, ದೊರೆಯದಿರಲಿ, ಕಟ್ಟಿದ ಹಣ ಹಿಂದಕ್ಕೆ ಬರುವುದಿಲ್ಲ. ಅಳಿಯಂದಿರು ನಿದ್ದೆಗೆಟ್ಟು ಗಣಕಯಂತ್ರದ ಮುಂದೆ ಕುಳಿತು, ಯಾರೋ ಬಿಟ್ಟುಕೊಟ್ಟ ದಿನಾಂಕವೊಂದನ್ನು ಫೆಬ್ರವರಿಯಲ್ಲಿ ನಮಗಾಗಿ ಹಿಡಿದಿಟ್ಟರು.

ಈ ವಿಷಯವಾಗಿ ಆ ದೇಶದ ಕಾನೂನಿನ ಒಂದು ಮಾತನ್ನು ವಾಚಕರು ತಿಳಿದಿರುವುದು ಒಳ್ಳೆಯದು. 1952ರ ವಲಸೆ ಕಾಯಿದೆಯ 214(ಬಿ) ಎಂಬ ವಿಧಿಯಂತೆ, ಬಂದು ನೋಡಿ ಹೋಗುತ್ತೇನೆನ್ನುವ ಪ್ರತಿಯೊಬ್ಬನನ್ನೂ ಅಲ್ಲಿಯೇ ನೆಲೆಸಲು ಬರುವವನೆಂದೇ ಮೊದಲು ಭಾವಿಸತಕ್ಕದ್ದು. ಹಾಗಲ್ಲವೆಂದು ಅಧಿಕಾರಿಗೆ ಮನಗಾಣಿಸುವ ಹೊಣೆ ಅರ್ಜಿದಾರನದು. ಜೇಬಿನಲ್ಲಿ ಸೀಮೆಸುಣ್ಣ ಸಿಕ್ಕುವವರೆಗೆ ಹುಡುಗನನ್ನು ಕಳ್ಳನೆನ್ನಬಾರದೆಂದು ಶಿಕ್ಷಕ ತರಬೇತಿಯಲ್ಲಿ ಕಲಿತುಬಂದ ನಮಗೆ ಇದು ವಿಚಿತ್ರವಾಗಿ ತೋರಿತು. ತಮ್ಮ ಮನೆಯ ಹೊಸ್ತಿಲಿಗೆ ಯಾವ ನಿಯಮವಿರಬೇಕೆಂಬುದು ಅವರ ವಿಚಾರ. ನಮ್ಮ ಪಾಲಿಗೆ ಉಳಿದದ್ದು ಒಂದೇ ಪ್ರಶ್ನೆ: ನಾವು ಊರಿಗೆ ಹಿಂದಿರುಗಿಯೇ ತೀರುತ್ತೇವೆಂಬುದನ್ನು ಯಾವ ಕಾಗದದಿಂದ ತೋರಿಸುವುದು?

ಅರ್ಜಿಯನ್ನು ಗಣಕಯಂತ್ರದಲ್ಲಿಯೇ ತುಂಬಬೇಕು. ಕವಲುದಾರಿಯ ಅಂಗಡಿಯೊಂದರಲ್ಲಿ ಈ ಕೆಲಸ ಮಾಡಿಕೊಡುವ ಹುಡುಗನೊಬ್ಬನಿದ್ದಾನೆ. ನಮ್ಮಲ್ಲಿ ಕಲಿತವನಲ್ಲದಿದ್ದರೂ ಊರಿನ ರೂಢಿಯಂತೆ ನಮ್ಮನ್ನು ಮಾಷೇ ಎಂದೇ ಕರೆಯುವವನು. ಮೊದಲ ಪುಟದಲ್ಲಿಯೇ ನಾವು ಎಡವಿದೆವು. ಸಹಧರ್ಮಿಣಿಯವರ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು. ಅಡ್ಡಹೆಸರಿಲ್ಲ, ಮನೆತನದ ಹೆಸರಿಲ್ಲ. ಅರ್ಜಿಯಾದರೋ ಹಿಂದೊಂದು ಮುಂದೊಂದು, ಹೀಗೆ ಎರಡು ಹೆಸರು ಕೇಳುತ್ತದೆ. ಒಂದೇ ಹೆಸರಿನವರಿಗೆ ಅವರಲ್ಲಿ ಒಂದು ಪರಿಹಾರವಿದೆ. ಇರುವ ಹೆಸರನ್ನು ಕುಲನಾಮದ ಸ್ಥಾನದಲ್ಲಿಟ್ಟು, ಮೊದಲ ಹೆಸರಿನ ಸ್ಥಾನದಲ್ಲಿ ಎಫ್.ಎನ್.ಯು. ಎಂಬ ಮೂರು ಅಕ್ಷರ ಬರೆಯುವುದು. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಮೂವತ್ತು ವರ್ಷ ಬಾಳು ಹಂಚಿಕೊಂಡವರ ಮೊದಲ ಹೆಸರು ತಿಳಿಯದೆಂದು ನಮ್ಮ ಕೈಯಿಂದಲೇ ಬರೆಯಿಸಬೇಕಾಗಿ ಬಂತು. ಅವರು ಪಕ್ಕದಲ್ಲಿರಲಿಲ್ಲವಾಗಿ ಆ ಕ್ಷಣಕ್ಕೆ ಪಾರಾದೆವು.

ಅದರ ಕೆಳಗೇ ಇನ್ನೊಂದು ಸಾಲಿತ್ತು: ನಿಮ್ಮ ಪೂರ್ಣ ಹೆಸರು, ನಿಮ್ಮ ಸ್ವಂತ ಲಿಪಿಯಲ್ಲಿ. ಇಂಗ್ಲಿಷಿನಲ್ಲಿಯೇ ತುಂಬಬೇಕಾದ ಆ ಉದ್ದನೆಯ ಅರ್ಜಿಯಲ್ಲಿ ಬೇರೆ ಅಕ್ಷರಕ್ಕೆ ಅವಕಾಶವಿರುವ ಸ್ಥಳ ಅದೊಂದೇ. ಪಕ್ಕದಲ್ಲೊಂದು ಚಿಕ್ಕ ಚೌಕ. ಅದಕ್ಕೆ ಗುರುತು ಹಾಕಿದರೆ ‘ಅನ್ವಯಿಸುವುದಿಲ್ಲ’ ಎಂದಾಗುತ್ತದೆ.

“ಇದಕ್ಕೆ ಎಲ್ಲರೂ ಗುರುತು ಹಾಕಿ ಮುಂದೆ ಹೋಗುವುದು, ಮಾಷೇ,” ಎಂದ ಹುಡುಗ.

“ನಮಗೆ ಅನ್ವಯಿಸುತ್ತದಲ್ಲ ಮಗಾ?” ಎಂದೆವು.

“ಹಾಗಾದರೆ ಮಲಯಾಳದಲ್ಲಿ ಬರೆಯುತ್ತೇನೆ,” ಎಂದು ಅವನು ಸಹಜವಾಗಿಯೇ ಹೇಳಿದ. ಅವನಲ್ಲಿ ದೋಷವಿಲ್ಲ. ವಿಳಾಸ ಕೇರಳದ್ದು, ಪಡಿತರ ಚೀಟಿ ಮಲಯಾಳದಲ್ಲಿ, ಭೂಮಿಯ ತೆರಿಗೆ ರಸೀದಿ ಮಲಯಾಳದಲ್ಲಿ. ಕನ್ನಡದಲ್ಲಿ ನಮ್ಮ ಹೆಸರಿರುವುದು ಎಲ್ಲೆಲ್ಲಿ ಎಂದು ಯೋಚಿಸಿದರೆ, ಶಾಲೆಯ ಹಾಜರಿ ಪುಸ್ತಕದಲ್ಲಿ, ಮದುವೆಯ ಕರೆಯೋಲೆಯಲ್ಲಿ, ಈ ಮಾಸಪತ್ರಿಕೆಯ ಚಂದಾ ಚೀಟಿಯಲ್ಲಿ, ಅಷ್ಟೆ. ನಮ್ಮ ದೇಶದ ಯಾವ ಕಚೇರಿಯೂ ಇತ್ತೀಚೆಗೆ ಕೇಳದಿದ್ದ ಪ್ರಶ್ನೆಯನ್ನು ಪರದೇಶದ ಅರ್ಜಿಯೊಂದು ಕೇಳಿರುವಾಗ, ಉತ್ತರ ಕೊಡದೆ ಬರುವುದಕ್ಕೆ ಮನಸ್ಸೊಪ್ಪಲಿಲ್ಲ.

ಅವನ ಯಂತ್ರದಲ್ಲಿ ಕನ್ನಡ ಬರೆಯುವ ಏರ್ಪಾಡಿರಲಿಲ್ಲ. ಮಗಳಿಗೆ ಫೋನು ಮಾಡಿದೆವು. ಅವಳು ಇಬ್ಬರ ಹೆಸರನ್ನೂ ಕನ್ನಡದಲ್ಲಿ ಬರೆದು ಕಳುಹಿಸಿದಳು. ನೋಡಿದರೆ ನಮ್ಮ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ತಿದ್ದಿ ಮತ್ತೊಮ್ಮೆ ಕಳುಹಿಸೆಂದೆವು. “ಅಪ್ಪ, ಇಲ್ಲಿ ರಾತ್ರಿ ಒಂದು ಗಂಟೆ,” ಎಂದಳು, ಆದರೂ ತಿದ್ದಿದಳು. ಹುಡುಗ ಅದನ್ನು ಎತ್ತಿ ಅರ್ಜಿಯಲ್ಲಿಟ್ಟ. ಇಂಗ್ಲಿಷ್ ಅಕ್ಷರಗಳ ನಡುವೆ ಎರಡು ಸಾಲು ಕನ್ನಡ ಕುಳಿತುಕೊಂಡಿತು. ಬಲ್ಲ ಭಾಷೆಗಳಾವುವು ಎಂಬ ಪ್ರಶ್ನೆಗೆ ನಾವು ಕನ್ನಡ, ತುಳು, ಮಲಯಾಳ, ಹಿಂದಿ, ಇಂಗ್ಲಿಷ್ ಎಂದು ಬರೆಯಿಸಿದಾಗ, ಇಷ್ಟು ಬರೆದರೆ ಸಂಶಯ ಬಂದೀತೆಂದು ಅವನಿಗೆ ಭಯ. ನಮ್ಮ ಊರಿನ ಮೀನು ಮಾರುವವರಿಗೂ ಅದರಲ್ಲಿ ಮೂರು ಬರುತ್ತದೆಂದು ಅವನಿಗೆ ನೆನಪಿಸಿದೆವು. ಮುಂದಿನ ಪ್ರಶ್ನೆಗಳು, ಭಯೋತ್ಪಾದನೆಯಲ್ಲಿ ತೊಡಗಿದ್ದೀರಾ, ಯಾವುದಾದರೂ ಬುಡಕಟ್ಟಿಗೆ ಸೇರಿದವರೇ ಮುಂತಾದವು, ಬೇಗ ಮುಗಿದವು.

ಮಂಗಳೂರಿನಿಂದ ಮದರಾಸಿಗೆ ಹೋಗುವ ಮೇಲ್ ಗಾಡಿ ಮಧ್ಯಾಹ್ನ ದಾಟಿದ ಮೇಲೆ ಕಾಸರಗೋಡಿಗೆ ಬರುತ್ತದೆ. 1996ರಲ್ಲಿ ಊರಿನ ಹೆಸರು ಚೆನ್ನೈ ಎಂದಾದರೂ ನಮ್ಮ ಬಾಯಿಗೆ ಇನ್ನೂ ಮದರಾಸೇ. ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿನಲ್ಲಿ ಗಾಡಿ ಚಂದ್ರಗಿರಿ ಹೊಳೆಯನ್ನು ದಾಟಿ, ಬಲಗಡೆ ತೆಂಗಿನ ಮರೆಯಲ್ಲಿ ಸಮುದ್ರವನ್ನು ಆಗೀಗ ತೋರಿಸುತ್ತ ತೆಂಕಕ್ಕೆ ಸಾಗುತ್ತದೆ. ಮಂಗಳೂರನ್ನು ಈ ಹಳಿ ಮುಟ್ಟಿದ್ದು 1907ರಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾಗಿ ನಮ್ಮ ಸೀಮೆ ಇಂಗ್ಲಿಷರ ಕೈಸೇರಿದಂದಿನಿಂದ, 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸುವವರೆಗೆ, ನಮ್ಮ ರಾಜಧಾನಿ ಮದರಾಸೇ ಆಗಿತ್ತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದನ್ನಿತ್ತದ್ದೂ ಮದರಾಸು ಸರಕಾರವೇ. ನಮ್ಮ ಅಜ್ಜ ಜಾಗದ ವ್ಯಾಜ್ಯದ ಮೇಲ್ಮನವಿಗಾಗಿ ಕಾಗದಗಳ ಕಟ್ಟನ್ನು ಹೆಗಲವಸ್ತ್ರದಲ್ಲಿ ಸುತ್ತಿಕೊಂಡು ಇದೇ ಹಳಿಯ ಮೇಲೆ ಅಲ್ಲಿನ ಹೈಕೋರ್ಟಿಗೆ ಹೋಗಿದ್ದರಂತೆ. ಮೊಮ್ಮಗನೂ ಕಾಗದದ ಕಟ್ಟಿನೊಡನೆ ಹೊರಟಿದ್ದ. ಸಂಬಳದ ಪ್ರಮಾಣಪತ್ರ, ಇಲಾಖೆಯ ನಿರಾಕ್ಷೇಪಣಾ ಪತ್ರ, ತೋಟದ ಆಧಾರ, ಬ್ಯಾಂಕಿನ ಪುಸ್ತಕ, ಮಗಳ ಮದುವೆಯ ಭಾವಚಿತ್ರ.

ರಾತ್ರಿ ಪಾಲಕ್ಕಾಡು ದಾಟಿದ ಮೇಲೆ, ನಿದ್ದೆ ಬಾರದೆ, ಈ ಕಟ್ಟಿನಲ್ಲಿ ಏನು ಬಿಟ್ಟುಹೋಯಿತೆಂದು ಯೋಚಿಸುತ್ತ ಮಲಗಿದ್ದೆವು. ಅಜ್ಜ ಗುಡ್ಡದ ಹೊಟ್ಟೆಗೆ ತೋಡಿಸಿದ ಸುರಂಗದಿಂದ ಇಂದಿಗೂ ತೋಟಕ್ಕೆ ನೀರು ಹರಿಯುತ್ತದೆ. ಬೇಸಿಗೆಯಲ್ಲಿ ಅದರ ಹೂಳು ತೆಗೆಸಲು ಮನೆಯವರೇ ನಿಲ್ಲಬೇಕು. ಇದನ್ನು ಯಾವ ಕಚೇರಿ ಪ್ರಮಾಣೀಕರಿಸಿ ಕೊಡುತ್ತದೆ?

ಮರುದಿನ ಮುಂಜಾನೆ ಸೆಂಟ್ರಲ್ ನಿಲ್ದಾಣದಲ್ಲಿಳಿದು ತಿರುವಲ್ಲಿಕ್ಕೇಣಿಯ ವಸತಿಗೃಹವೊಂದರಲ್ಲಿ ಮಿಂದು, ಮೊದಲ ದಿನದ ವಿಧಿಗೆ ನುಂಗಂಬಾಕ್ಕಮಿನ ಕಡೆ ಹೋದೆವು. ಸಂದರ್ಶನಕ್ಕೆ ಮುನ್ನ ಬೇರೊಂದು ಕೇಂದ್ರದಲ್ಲಿ ಭಾವಚಿತ್ರ ತೆಗೆದು ಹತ್ತೂ ಬೆರಳುಗಳ ಗುರುತು ಹಿಡಿಯುತ್ತಾರೆ. ಕನ್ನಡಕ ತೆಗೆದಿರಬೇಕು. ನಮ್ಮ ಸಹಧರ್ಮಿಣಿಯ ಬೆರಳುಗಳು ಅಡಿಕೆ ಸುಲಿದು ಸವೆದವು. ಚೊಗರಿನ ಕಪ್ಪು ಗೆರೆಗಳಿಂದ ಎಂದೂ ಬಿಟ್ಟುಹೋಗದು. ಗಾಜಿನ ಮೇಲೆ ಒತ್ತಿದರೆ ಯಂತ್ರಕ್ಕೆ ಹೆಬ್ಬೆರಳು ಕಾಣಿಸಲೊಲ್ಲದು. ಅಲ್ಲಿದ್ದ ಹುಡುಗಿ ಒದ್ದೆ ಕಾಗದದಿಂದ ಒರೆಸಿ, ತಾನೇ ಬೆರಳು ಹಿಡಿದು, ನಾಲ್ಕನೆಯ ಸಲಕ್ಕೆ ಹೇಗೋ ಪಡೆದಳು. “ಇಷ್ಟು ವರ್ಷ ದುಡಿದದ್ದಕ್ಕೆ ಗುರುತೇ ಇಲ್ಲವಂತೆ,” ಎಂದು ನಗುತ್ತ ಹೊರಬಂದರು ನಮ್ಮವರು.

ಸಂದರ್ಶನದ ದಿನ ಜೆಮಿನಿ ವೃತ್ತಕ್ಕೆ ಬೇಗನೆ ತಲುಪಿದೆವು. 1940ರಲ್ಲಿ ವಾಸನ್ ಅವರು ಆರಂಭಿಸಿದ ಜೆಮಿನಿ ಚಿತ್ರಶಾಲೆಯಿಂದ ಆ ಸ್ಥಳಕ್ಕೆ ಬಂದ ಹೆಸರು ಅದು. ಚಿತ್ರಶಾಲೆ ಹೋಗಿದೆ, ಹೆಸರು ಉಳಿದಿದೆ. 1973ರಲ್ಲಿ ಕಟ್ಟಿದ ಮೇಲುಸೇತುವೆಯೊಂದು ಅಲ್ಲಿದೆ, ಆ ನಗರದ ಮೊದಲನೆಯದು. ಅದರ ಬುಡದಲ್ಲಿ, ಮುಂಗಾಲೆತ್ತಿ ನಿಂತ ಕುದುರೆಯನ್ನು ಬಲವಾಗಿ ಹಿಡಿದು ನಿಲ್ಲಿಸುತ್ತಿರುವ ಮನುಷ್ಯನ ಪ್ರತಿಮೆಗಳಿವೆ. ಕುದುರೆ ಜೂಜನ್ನು ನಿಷೇಧಿಸಿದ ನೆನಪಿಗೆ ನಿಲ್ಲಿಸಿದ್ದು. ಎದುರಿಗೆ ಎತ್ತರದ ಗೋಡೆಯ ಒಳಗೆ ಅಮೆರಿಕದ ಕಚೇರಿ. 1794ರಷ್ಟು ಹಿಂದೆಯೇ, ಅಂದರೆ ನಮ್ಮ ಸೀಮೆ ಇಂಗ್ಲಿಷರ ಕೈಗೆ ಬರುವುದಕ್ಕೂ ಮೊದಲು, ಆ ದೇಶ ಮದರಾಸಿನಲ್ಲಿ ತನ್ನ ಪ್ರತಿನಿಧಿಯೊಬ್ಬನನ್ನು ನೇಮಿಸಿತ್ತು.

ಗೋಡೆಯ ಹೊರಗೆ ಸರದಿಯ ಸಾಲು. ಅದು ನೋಡತಕ್ಕ ನೋಟ. ವಿದ್ಯಾಭ್ಯಾಸಕ್ಕೆ ಹೊರಟ ಹುಡುಗರು ತುಟಿಯಲ್ಲೇ ಉತ್ತರಗಳನ್ನು ಗಟ್ಟಿಮಾಡುತ್ತಿದ್ದರು. ನಮಗೆ ಪರೀಕ್ಷೆಯ ದಿನದ ಶಾಲಾ ಜಗಲಿಯ ನೆನಪಾಯಿತು. ಹೊಸ ಅರಿಸಿನದ ದಾರ ಕೊರಳಲ್ಲಿದ್ದ ನವವಧುವೊಬ್ಬಳು ಒಬ್ಬಳೇ ನಿಂತಿದ್ದಳು. ಉಳಿದಂತೆ ಎಲ್ಲೆಲ್ಲೂ ನಮ್ಮಂಥವರೇ: ಅಪರೂಪಕ್ಕೆ ಬೂಟು ಹಾಕಿದ ಹಿರಿಯರು, ರೇಷ್ಮೆ ಸೀರೆ ಉಟ್ಟ ತಾಯಂದಿರು. ತೆಲುಗು, ತಮಿಳು, ಮಲಯಾಳ, ಕನ್ನಡ, ಯಾವ ನುಡಿಯಲ್ಲಿ ಕಿವಿಗೊಟ್ಟರೂ ಮಾತು ಒಂದೇ, ಮಗಳಿಗೆ ಎಷ್ಟನೆಯ ತಿಂಗಳು. ಫೋನು, ಚೀಲ ಒಳಗೆ ಒಯ್ಯುವಂತಿಲ್ಲ. ಹೊರಬರುವವರ ಕೈಯನ್ನು ಎಲ್ಲರೂ ನೋಡುತ್ತಾರೆ. ಕೈ ಬರಿದಾಗಿದ್ದರೆ ಪಾಸ್‌ಪೋರ್ಟನ್ನು ಒಳಗಿಟ್ಟುಕೊಂಡರೆಂದು, ಅಂದರೆ ಅನುಮತಿ ದೊರೆಯಿತೆಂದು ತಿಳಿಯಬೇಕು. ಪಾಸ್‌ಪೋರ್ಟು ಕೈಯಲ್ಲೇ ಇದ್ದರೆ ಕೇಳುವುದು ಬೇಡ. ಬರಿಗೈಯಲ್ಲಿ ಬಂದವರು ನಗುತ್ತ ಬರುವ ಸ್ಥಳವನ್ನು ನಾವು ಕಂಡದ್ದು ಅಲ್ಲಿ ಮಾತ್ರ.

ಒಳಗೆ ಗಾಜಿನ ಕಿಂಡಿಗಳು. ನಮ್ಮ ಪಾಲಿಗೆ ಬಂದ ಅಧಿಕಾರಿಣಿಗೆ ನಮ್ಮ ಮಗಳ ವಯಸ್ಸೇ ಇದ್ದೀತು. ಎಲ್ಲಿಗೆ, ಯಾರನ್ನು ನೋಡಲು, ಏನು ಉದ್ಯೋಗ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಶಾಲೆಯಲ್ಲಿ ಮಕ್ಕಳೆಷ್ಟೆಂದರು, ಅರವತ್ತೆರಡು ಎಂದೆವು. ಕಾಗದದ ಕಟ್ಟನ್ನು ಕೇಳಲೇ ಇಲ್ಲ. ಬಳಿಕ ನಮ್ಮ ಸಹಧರ್ಮಿಣಿಯ ಕಡೆ ತಿರುಗಿದರು. ಭಾಷಾಂತರಕ್ಕೆಂದು ಬಂದ ಮಹಿಳೆ, ಕೇರಳದ ವಿಳಾಸವನ್ನು ಕಂಡು, ಯಾಕಾಗಿ ಹೋಗುತ್ತಿದ್ದೀರೆಂದು ವಿನಯದಿಂದ ಮಲಯಾಳದಲ್ಲಿ ಕೇಳಿದರು. ನಮ್ಮವರು ಪೇಟೆಯ ಮಲಯಾಳವನ್ನು ಚೆನ್ನಾಗಿಯೇ ಆಡುತ್ತಾರೆ. ಆ ಭಾಷೆಯಲ್ಲಿಯೇ ಉತ್ತರ ಆರಂಭಿಸಿದರು. ಆದರೆ ಮುಖ್ಯ ಮಾತಿನಲ್ಲಿ ಮಲಯಾಳ ಕೈಕೊಟ್ಟಿತು.

“ಬಾಣಂತನ,” ಎಂದರು.

ಭಾಷಾಂತರಿಸುವವರು ತಡೆದು ನಿಂತರು. ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸಬಾರದೆಂದು ಸಾಲಿನಲ್ಲಿ ಕೇಳಿ ತಿಳಿದಿದ್ದ ನಾವು ತುಟಿ ಬಿಚ್ಚಲಿಲ್ಲ. ಬಿಚ್ಚಿದರೂ ಆ ಪದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಿದ್ದೆವೋ! ಮೂವತ್ತು ವರ್ಷ ಪದಗಳಿಗೆ ಅರ್ಥ ಬರೆಯಿಸಿದವರಿಗೆ ಆ ಕ್ಷಣದಲ್ಲಿ ಒಂದೂ ಹೊಳೆಯಲಿಲ್ಲ. ನಮ್ಮವರು ಕಾಯಲಿಲ್ಲ. ನಿಂತಲ್ಲಿಯೇ ಎಡಗೈಯನ್ನು ನೀಡಿ, ನೀಡಿದ ಕಾಲಿನ ಮೇಲೆ ಮಗುವನ್ನು ಕವುಚಿ ಮಲಗಿಸಿದಂತೆ ಮಾಡಿ, ಬಲಗೈಯಿಂದ ಎಣ್ಣೆ ಹಚ್ಚಿ ಚೊಂಬಿನಿಂದ ಬಿಸಿನೀರು ಹೊಯ್ದು ತೋರಿಸಿದರು. ಮತ್ತೆ ತಲೆಗೆ ಕೈಯಿಟ್ಟು, ತಾಯಿಗೂ ಎರೆಯಬೇಕೆಂದು ಸೂಚಿಸಿದರು. ಗಾಜಿನಾಚೆ ಅಧಿಕಾರಿಣಿ ನಕ್ಕರು. “ಎಷ್ಟು ದಿನ?” ಎಂಬ ಪ್ರಶ್ನೆಗೆ, ನಲವತ್ತು ದಿನ ಇದು, ಆಮೇಲೆ ಸ್ವಲ್ಪ ಬಲ ಬರುವವರೆಗೆ ನಿಂತು, ಅಡಿಕೆ ಕೊಯ್ಲಿಗೆ ಮನೆಗೆ ಬರಬೇಕೆಂದು ನಮ್ಮವರ ಉತ್ತರ. ಈ ಸಲ ಅದು ಸಂಪೂರ್ಣ ಕನ್ನಡದಲ್ಲಿತ್ತು. ಅದೃಷ್ಟಕ್ಕೆ ಭಾಷಾಂತರಿಸುವವರಿಗೆ ಅರ್ಥವಾಯಿತು.

ಅಧಿಕಾರಿಣಿ ತಮ್ಮ ಮುಂದಿನ ತೆರೆಯನ್ನೊಮ್ಮೆ ನೋಡಿದರು. ಅಲ್ಲಿ ನಮ್ಮ ಹೆಸರಿನ ಎರಡು ಸಾಲು ಕಂಡಿರಬೇಕು. ಇದು ಕನ್ನಡ, ಅಲ್ಲವೇ, ವಿಳಾಸ ಕೇರಳದ್ದಲ್ಲ, ನೀವು ಕರ್ನಾಟಕದಿಂದ ಅಲ್ಲಿಗೆ ಯಾವಾಗ ಬಂದಿರಿ ಎಂದು ನಮ್ಮನ್ನು ಕೇಳಿದರು.

ಈ ಪ್ರಶ್ನೆಯನ್ನು ತಿರುವನಂತಪುರದಲ್ಲಿಯೂ ಕೇಳಿದ್ದಾರೆ, ಬೆಂಗಳೂರಿನಲ್ಲಿಯೂ ಕೇಳಿದ್ದಾರೆ. ಅಲ್ಲಿ ಕೊಡಬೇಕಾಗಿ ಬಂದ ಉದ್ದನೆಯ ವಿವರಣೆಗಳು ನಾಲಿಗೆಯ ತುದಿಗೆ ಬಂದವು. ಆದರೆ ಹಿಂದೆ ಸಾಲು ಬೆಳೆದಿತ್ತು. “ನಾವು ಬರಲಿಲ್ಲ. ಅಜ್ಜ ಹುಟ್ಟಿದ ಮನೆಯಲ್ಲಿಯೇ ಇದ್ದೇವೆ. ಅವರ ಕಾಲಕ್ಕೆ ಆ ಮನೆ ಈ ಮದರಾಸಿಗೆ ಸೇರಿತ್ತು, 1956ರಿಂದ ಕೇರಳಕ್ಕೆ ಸೇರಿದೆ,” ಎಂದೆವು.

“ಅದೇ ಮನೆಯೇ?”

“ಅದೇ ಮನೆ.”

ಅವರು ಏನನ್ನೋ ಬರೆದುಕೊಂಡು, ಎರಡು ಪಾಸ್‌ಪೋರ್ಟುಗಳನ್ನೂ ತಮ್ಮ ಬದಿಯಲ್ಲಿಟ್ಟು, ಮಗಳಿಗೆ ಶುಭ ಹಾರೈಸಿದರು. ಎಲ್ಲ ಸೇರಿ ನಾಲ್ಕು ನಿಮಿಷವಾಗಿರಲಾರದು. ಅಜ್ಜನ ಮೇಲ್ಮನವಿ ಆರು ವರ್ಷ ನಡೆದಿತ್ತು.

ಬರಿಗೈಯಲ್ಲಿ ಹೊರಬಂದು, ರಸ್ತೆಯಾಚೆಯ ಉದ್ಯಾನದ ಮರದ ನೆರಳಿನಲ್ಲಿ ಕುಳಿತೆವು. ಅದರ ಹೆಸರು ಸೆಮ್ಮೊಳಿ ಪೂಂಗಾ, ಶಾಸ್ತ್ರೀಯ ಭಾಷೆಯ ಉದ್ಯಾನ ಎಂದರ್ಥ. 2010ರಲ್ಲಿ ತೆರೆದದ್ದು. ಅದಕ್ಕೂ ಮೊದಲು ಅಲ್ಲಿ, ನಮ್ಮ ತುಳುನಾಡಿನಿಂದ ಹೋಗಿ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದ ಕೃಷ್ಣರಾಯರು 1962ರಲ್ಲಿ ಆರಂಭಿಸಿದ ಉಪಾಹಾರಗೃಹವಿತ್ತು. ಮೋಟಾರಿನಲ್ಲಿ ಕುಳಿತಲ್ಲಿಗೇ ದೋಸೆ ಬರುತ್ತಿದ್ದುದಕ್ಕಾಗಿ ಪಟ್ಟಣವೆಲ್ಲ ಅದನ್ನು ಬಲ್ಲುದಾಗಿತ್ತು. ಅದು ಮುಚ್ಚಿದ್ದು 2008ರಲ್ಲಿ. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತದ್ದೂ ಅದೇ ವರ್ಷ. ಇದನ್ನೆಲ್ಲ ವಿವರಿಸುತ್ತಿದ್ದಾಗ, ಹೋಟೆಲು ಇರುತ್ತಿದ್ದರೆ ಈಗ ಒಂದು ಕಾಪಿ ಸಿಗುತ್ತಿತ್ತಲ್ಲ ಎಂದು ನಮ್ಮವರು ಮಾತನ್ನು ಮುಗಿಸಿದರು. ಎದ್ದು ಕಾಪಿ ಹುಡುಕಿಕೊಂಡು ಹೋದೆವು.

ಏಪ್ರಿಲಿನಲ್ಲಿ ಆ ದೇಶಕ್ಕೆ ಹೋಗಿಬಂದ ವೃತ್ತಾಂತ ಬೇರೆ. ಸಂಪಾದಕರು ಎಡೆಗೊಟ್ಟರೆ ಇನ್ನೊಮ್ಮೆ ಬರೆಯೋಣ. ಎರಡು ವಾರದೊಳಗೆ ಪಾಸ್‌ಪೋರ್ಟುಗಳು ಮನೆಗೆ ಬಂದವು. ಒಂದು ಪುಟ ತುಂಬ ಅಂಟಿಸಿದ ವೀಸಾ, ಹತ್ತು ವರ್ಷಕ್ಕೆ. ಸಹಧರ್ಮಿಣಿಯವರು ಕನ್ನಡಕ ಏರಿಸಿ ತಮ್ಮದನ್ನು ಅಕ್ಷರ ಅಕ್ಷರವಾಗಿ ಓದಿದರು.

“ಇದೆಂತ, ನನ್ನ ಹೆಸರಿನ ಜೊತೆಗೆ ಮೂರು ಅಕ್ಷರ?”

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅರ್ಥ ಹೇಳಿದೆವು.

“ಹೆಸರೇ ಗೊತ್ತಿಲ್ಲದವಳಿಗೆ ಹತ್ತು ವರ್ಷದ ಅಪ್ಪಣೆ ಕೊಟ್ಟರೇ!” ಎಂದು ಬಹಳ ಹೊತ್ತು ನಕ್ಕರು. ಆಮೇಲೆ ಅದನ್ನು ತೋಟದ ಆಧಾರಪತ್ರಗಳಿರುವ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮಗಳಿಗೆ ಒಂದು ಮಾತು ಬರೆಯಲು ಹೇಳಿದರು: ಹುಟ್ಟುವ ಮಗುವಿಗೆ ಮುಂದೊಂದು ಹಿಂದೊಂದು, ಎರಡು ಹೆಸರಿಡಬೇಕಂತೆ, ಮುಂದಿನದನ್ನು ಕನ್ನಡದಲ್ಲಿ ಬರೆದು ಮೊದಲು ಅಪ್ಪನಿಗೆ ಕಳುಹಿಸು, ಒತ್ತಕ್ಷರ ನೋಡಲಿ.